ಉದ್ರಿ ಪುಸ್ತಕದೊಳಗಿನ ಕೇಣಿಚಿರ

ನಮ್ಮ ತರಕಾರಿ ಅಂಗಡಿಯ ಗಲ್ಲಾದ ಕೆಳಗೆ ಒಂದು ಗೋಣಿಚೀಲವಿದೆ. ಅದರೊಳಗೆ ಹದಿನೇಳು ಉದ್ರಿ ಪುಸ್ತಕಗಳು. ಎಲ್ಲವೂ ಉದ್ದನೆಯ ಕೆಂಪು ರಟ್ಟಿನವು, ಎಲ್ಲದರ ಮೂಲೆಗಳಲ್ಲೂ ಈರುಳ್ಳಿ ಸಿಪ್ಪೆ ಅಂಟಿದೆ. ಇಲ್ಲಿಯವರು ಇದನ್ನು ಪಟ್ಟು ಪುಸ್ತಕ ಅನ್ನುತ್ತಾರೆ. ಅಪ್ಪ ಗುಂಡ್ಲುಪೇಟೆ ಸೀಮೆಯಿಂದ ತರಕಾರಿ ಲಾರಿಯ ಮೇಲೆ ಕೂತು ಬಂದು ವಯನಾಡಿನ ಕೇಣಿಚಿರದಲ್ಲಿ ಅಂಗಡಿ ಹಾಕಿದವರು. ಸಾಯುವವರೆಗೂ ಲೆಕ್ಕ ಬರೆದದ್ದು ಕನ್ನಡದಲ್ಲೇ. ಊರಿನವರು ಬಗ್ಗಿ ನೋಡಿ, "ಇದೇನು ಚೇಟ್ಟಾ, ಜಿಲೇಬಿ ಸುತ್ತಿದ್ದೀರಿ" ಎಂದು ನಗುತ್ತಿದ್ದರು. ಮಲಯಾಳಂ ಬರೆಯುವವರು ಕನ್ನಡವನ್ನು ಜಿಲೇಬಿ ಅನ್ನುವುದೆಂದರೆ ಜಿಲೇಬಿಯೇ ಜಿಲೇಬಿಯನ್ನು ಆಡಿಕೊಂಡ ಹಾಗೆ! ಆದರೂ ತಮಗೆ ಓದಲು ಬಾರದ ಆ ಲೆಕ್ಕವನ್ನು ಊರು ಅಷ್ಟು ವರ್ಷ ನಂಬಿತು. ಕೊನೆಯಲ್ಲಿ ಅಪ್ಪ ಹೇಳಿದ ಮೊತ್ತಕ್ಕೆ ಎದುರು ಮಾತಾಡಿದವರನ್ನು ನಾನು ಕಂಡಿಲ್ಲ.

ಊರಿನ ಚರಿತ್ರೆ ಬರೆಯಬೇಕು ಅನ್ನಿಸಿದಾಗ ನನಗೆ ಮೊದಲು ನೆನಪಾದದ್ದು ಈ ಗೋಣಿಚೀಲ. ಅರಸರು ಕಟ್ಟಿದ ಊರಲ್ಲ ಇದು. ಕೋಟೆಯಿಲ್ಲ, ತೇರಿಲ್ಲ. ವಾರಕ್ಕೆ ಯಾರ ಮನೆಯಲ್ಲಿ ಎಷ್ಟು ಜನ ಉಂಡರು, ಯಾವ ಮಳೆಗಾಲದಲ್ಲಿ ಯಾರ ಕೈ ಬರಿದಾಯಿತು ಎಂಬುದಕ್ಕೆ ಮಾತ್ರ ಇಲ್ಲಿ ದಾಖಲೆಯಿದೆ. ಅದೂ ಬೇರೆ ಭಾಷೆಯಲ್ಲಿದೆ.

ಹೆಸರು

ಸುಲ್ತಾನ್ ಬತ್ತೇರಿಯಿಂದ ಕಲ್ಪೆಟ್ಟ ರಸ್ತೆಯಲ್ಲಿ ಸ್ವಲ್ಪ ಬಂದರೆ ಬೀನಾಚಿ. ಅಲ್ಲಿ ಬಲಕ್ಕೆ ತಿರುಗಿ ವಾಕೇರಿ ದಾಟಿದರೆ ಕೇಣಿಚಿರ. ಅದೇ ರಸ್ತೆ ಮುಂದೆ ನಡವಯಲ್ ಹಾದು ಪನಮರಕ್ಕೆ ಹೋಗುತ್ತದೆ. ಒಂದು ಕವಲು ಪುಲ್ಪಳ್ಳಿಗೆ, ಇನ್ನೊಂದು ಮೀನಂಗಾಡಿಗೆ. ನಾಲ್ಕು ಕಡೆಯ ಬಸ್ಸುಗಳು ಬಂದು ನಿಲ್ಲುವುದರಿಂದಲೇ ಇದು ಪೇಟೆ, ಇಲ್ಲವಾದರೆ ಕಾಫಿ ತೋಟಗಳ ನಡುವಿನ ಒಂದು ತಿರುವು.

ಮಲಯಾಳದಲ್ಲಿ ಕೇಣಿ ಎಂದರೆ ಸಣ್ಣ ಬಾವಿ, ಚಿರ ಎಂದರೆ ಏರಿ ಕಟ್ಟಿದ ಕೆರೆ. ಊರ ಹೆಸರಿನಲ್ಲಿ ಎರಡು ಕಡೆಯಿಂದಲೂ ನೀರೇ. ಅಪ್ಪ ಮಾತ್ರ ಮೊದಲ ದಿನ ಬಸ್ಸಿನಲ್ಲಿ ಈ ಹೆಸರು ಕೇಳಿದಾಗ ಗುತ್ತಿಗೆಯ ಊರು ಅಂದುಕೊಂಡರಂತೆ. ನಮ್ಮಲ್ಲಿ ಕೇಣಿ ಎಂದರೆ ಗುತ್ತಿಗೆ ತಾನೆ. ಆ ತಪ್ಪು ಎಷ್ಟು ಸರಿಯಾಗಿತ್ತು ಎಂಬುದು ಆಮೇಲೆ ತಿಳಿಯಿತು. ಇಲ್ಲಿಯ ರೈತರು ಶುಂಠಿ ಬೆಳೆಯಲು ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಿ ಹೊಲ ಗುತ್ತಿಗೆಗೆ ಹಿಡಿಯುತ್ತಾರೆ. ಅಲ್ಲಿಂದ ತಂದ ಪಹಣಿ, ಕರಾರು ಪತ್ರಗಳನ್ನು ಹಿಡಿದು ನಮ್ಮ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಅಪ್ಪ ಕನ್ನಡಕ ಮೂಗಿಗೇರಿಸಿ, ಟೊಮೆಟೊ ಬುಟ್ಟಿಯ ಮೇಲೆ ಕಾಗದ ಹರಡಿ, "ನೋಡು, ಕಲಂ ಒಂಬತ್ತರಲ್ಲಿ ಇರೋ ಹೆಸರು ಇವನದಲ್ಲ, ಇವನ ಅಣ್ಣನದು. ಅಣ್ಣನ ಸಹಿ ಇಲ್ಲದೆ ದುಡ್ಡು ಕೊಡಬೇಡ" ಎಂದು ಬಿಡಿಸಿ ಹೇಳುತ್ತಿದ್ದರು. ಅದಕ್ಕೆ ಕೂಲಿ ಇಲ್ಲ, ಆದರೆ ಆ ವಾರದ ತರಕಾರಿ ನಮ್ಮಲ್ಲೇ ಕೊಳ್ಳಬೇಕು.

ನಿಜವಾದ ಕೇಣಿ ನೋಡಬೇಕಾದರೆ ಪುಲ್ಪಳ್ಳಿಯ ಆಚೆ ಪಾಕ್ಕಕ್ಕೆ ಹೋಗಬೇಕು. ಮುಳ್ಳು ಕುರುಮರೆಂಬ ಆದಿವಾಸಿಗಳ ಬಾವಿ ಅದು. ಕಲ್ಲಿಲ್ಲ, ಸಿಮೆಂಟಿಲ್ಲ. ಸೇಂದಿ ಇಳಿಸುವ ಪನೆಮರದ ದಪ್ಪ ಬೊಡ್ಡೆಯನ್ನು ಬಹಳ ಕಾಲ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಮೆದು ಭಾಗ ಕೊಳೆತು ಹೋಗಿ ಹೊರಗಿನ ಗಟ್ಟಿ ಕವಚ ಮಾತ್ರ ಉಳಿಯುತ್ತದೆ. ಆ ಕೊಳವೆಯನ್ನು ಗದ್ದೆಯಂಚಿನಲ್ಲಿ, ಕಾಡಿನ ಒರತೆ ಏಳುವ ಜಾಗದಲ್ಲಿ ಇಳಿಸುತ್ತಾರೆ. ಆಳ ಮನುಷ್ಯನ ಸೊಂಟ ದಾಟುವುದಿಲ್ಲ. ಬಗ್ಗಿದರೆ ತಳದ ಮರಳು ಕಾಣುತ್ತದೆ, ಮರಳಿನಲ್ಲಿ ನೀರು ಉಸಿರಾಡುವ ಹಾಗೆ ಸಣ್ಣಗೆ ಕುದಿಯುತ್ತಿರುತ್ತದೆ. ಬೇಸಗೆಯಲ್ಲೂ ಬತ್ತುವುದಿಲ್ಲ ಅನ್ನುತ್ತಾರೆ ಅವರು. ನಾನು ಹೋದದ್ದು ಮಾರ್ಚಿಯಲ್ಲಿ. ಚೊಂಬು ಅದ್ದಿದಾಗ ನೀರು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಸರ್ಕಾರದ ಲೆಕ್ಕ

ಊರ ಚರಿತ್ರೆ ಎಂದ ಮೇಲೆ ಇದೂ ಇರಲೇಬೇಕಂತೆ. ಬರೆದು ಮುಗಿಸುತ್ತೇನೆ. ಕೇಣಿಚಿರ ಪೂತಾಡಿ ಗ್ರಾಮ ಪಂಚಾಯತಿಗೆ ಸೇರಿದ್ದು, ತಾಲೂಕು ಸುಲ್ತಾನ್ ಬತ್ತೇರಿ. ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಜಿಲ್ಲೆಯ ವಿಸ್ತೀರ್ಣ 2,132 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 8,17,420. ಐದರಲ್ಲಿ ಒಬ್ಬರಿಗೆ ತುಸು ಕಡಿಮೆ ಆದಿವಾಸಿಗಳು, ಕೇರಳದ ಬೇರಾವ ಜಿಲ್ಲೆಯಲ್ಲೂ ಈ ಪ್ರಮಾಣವಿಲ್ಲ. ಊರಿನಲ್ಲಿ ಪೊಲೀಸ್ ಸ್ಟೇಷನ್ ಇದೆ. ಬೆಳೆ ಕಾಫಿ, ಮೆಣಸು, ಅಡಿಕೆ, ಶುಂಠಿ, ತಗ್ಗಿನ ವಯಲುಗಳಲ್ಲಿ ಭತ್ತ. ಗಂಧಕಶಾಲೆ ಮತ್ತು ಜೀರಕಶಾಲೆ ಅಕ್ಕಿಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಗಂಧಕಶಾಲೆಯ ಅನ್ನ ಬೇಯುತ್ತಿದ್ದರೆ ಬೀದಿಗೇ ಗೊತ್ತಾಗುತ್ತದೆ, ಆದರೆ ಬೆಳೆಯುವ ವಯಲುಗಳು ವರ್ಷಕ್ಕೆ ವರ್ಷ ಬಾಳೆತೋಟವಾಗುತ್ತಿವೆ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಕೇರಳದ ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಒಂದು ಕಬಿನಿ. ನಮ್ಮ ಅಂಗಡಿಯ ಸೂರಿನಿಂದ ಬಿದ್ದ ಮಳೆನೀರು ತೋಡು ಸೇರಿ, ಪನಮರಂ ಹೊಳೆ ಸೇರಿ, ಕಬಿನಿಯಾಗಿ ಹೆಗ್ಗಡದೇವನಕೋಟೆಯ ಅಣೆಕಟ್ಟು ತುಂಬಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಬೀಳುತ್ತದೆ. ಮೈಸೂರು ಸೀಮೆಯವರು ಕನ್ನಂಬಾಡಿಯ ಮಟ್ಟ ಪೇಪರಿನಲ್ಲಿ ನೋಡುವ ಹಾಗೆ ನಾವು ಆಕಾಶ ನೋಡುತ್ತೇವೆ. ಇಲ್ಲಿ ಒಂದು ವಾರ ಬಿಡದೆ ಹೊಯ್ದರೆ ನಂಜನಗೂಡಿನ ನೆಂಟರಿಂದ ಫೋನ್ ಬರುತ್ತದೆ: "ಸ್ನಾನಘಟ್ಟ ಮುಳುಗ್ತು ಕಣೋ, ಸಾಕು ಮಾಡ್ರಪ್ಪ!"

ವಾರ

ಕೇಣಿಚಿರದ ಬೆಳಗು ಹಾಲಿನ ಕ್ಯಾನಿನ ಸದ್ದಿನಿಂದ ಆರಂಭ. ಮಂಜಿನಲ್ಲಿ ಮನುಷ್ಯರು ಕಾಣುವ ಮುಂಚೆ ಕ್ಯಾನು ಕೇಳುತ್ತದೆ. ಸೊಸೈಟಿಯ ಮುಂದೆ ಸಾಲು. ತೋಟದವರು, ಅರ್ಧ ಎಕರೆಯವರು, ಎರಡು ಹಸುವಿನ ಮೇಲೆ ಮಕ್ಕಳನ್ನು ನರ್ಸಿಂಗ್ ಓದಿಸಿದ ಚೇಚ್ಚಿಯರು. ಮೆಣಸಿನ ಬಳ್ಳಿ ಕೈಕೊಟ್ಟ ಮೇಲೆ ಇಲ್ಲಿಯ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದ್ದು ಹಸುವೇ. ಹಾಲು ಹಾಕಿ ಬಂದವರು ಚಾಯಕಡೆಯಲ್ಲಿ ಕಟ್ಟನ್ ಹೀರುತ್ತಾರೆ. ತಮ್ಮ ಹಸುವಿನ ಹಾಲು ಅಷ್ಟೂ ಸೊಸೈಟಿಗೆ ಅಳೆದು ಬಂದು ತಾವು ಹಾಲಿಲ್ಲದ ಕರಿ ಚಹಾ ಕುಡಿಯುವುದು ಏನು ಲೆಕ್ಕವೋ ನನಗೆ ಇನ್ನೂ ಬಗೆಹರಿದಿಲ್ಲ.

ಸೋಮವಾರ ಕಾಗದದ ದಿನ. ಪಿಂಚಣಿ, ತೆರಿಗೆ ರಸೀದಿ, ಜಾತಿ ಪತ್ರ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದವರು ಬಸ್ಸಿನಿಂದ ಇಳಿಯುತ್ತಾರೆ. ಕೆಲಸ ಆಗದವರು ನಮ್ಮಲ್ಲಿ ಸೊಪ್ಪು ಕೊಂಡು ಹೋಗುತ್ತಾರೆ, ಬಂದದ್ದಕ್ಕೆ ಏನಾದರೂ ಆಯಿತಲ್ಲ ಎಂದು. ಮಂಗಳವಾರ ಬುಧವಾರ ತೊಳಿಲುರಪ್ಪಿನ ಹೆಂಗಸರ ದಿನಗಳು. ಉದ್ಯೋಗ ಖಾತ್ರಿಗೆ ಇಲ್ಲಿಯ ಹೆಸರು ಅದು. ಹತ್ತು ಹದಿನೈದು ಮಂದಿ ಕತ್ತಿ, ಗುದ್ದಲಿ, ಬುತ್ತಿಯೊಂದಿಗೆ ಸಾಲಾಗಿ ನಡೆದು ಹೋಗುವಾಗ ಪೇಟೆಯ ಎಲ್ಲ ಸುದ್ದಿಯೂ ಅವರ ಜೊತೆಗೇ ಹೋಗುತ್ತದೆ, ಸಂಜೆ ಬಡ್ಡಿ ಸಮೇತ ವಾಪಸ್ಸಾಗುತ್ತದೆ.

ಲಾರಿ ಬರುವುದು ಗುರುವಾರ. ಗುಂಡ್ಲುಪೇಟೆಯಿಂದ ಎಲೆಕೋಸು, ಬೀಟ್‌ರೂಟ್, ಟೊಮೆಟೊ, ಸಣ್ಣ ಈರುಳ್ಳಿ. ನಾನು ಕೊಡುವುದು ಅಪ್ಪನ ಊರಿನ ಕಡೆಯ ತರಕಾರಿ, ಕೊಳ್ಳುವವರು ಕೇಳುವುದು ತಮ್ಮ ಹೆಸರಿನಲ್ಲಿ. ಅಪ್ಪನ ಪುಸ್ತಕದಲ್ಲಿ ಎರಡೂ ಬೆರೆತು ಹೋಗಿವೆ. ಮೊದಮೊದಲ ಪುಸ್ತಕಗಳಲ್ಲಿ 'ಸುವರ್ಣಗೆಡ್ಡೆ 1 ಕೆಜಿ' ಎಂದಿದೆ. ಮೂರನೆಯದರಲ್ಲಿ 'ಚೇನ (ಸು.ಗೆ.)', ಐದನೆಯದರಿಂದ ಬರೀ 'ಚೇನ'. ಮರಗೆಣಸು ಮಾತ್ರ ಮೊದಲ ಪುಟದಿಂದಲೇ 'ಕಪ್ಪ'. ಅದು ಅಪ್ಪನ ಊರಿನ ತಟ್ಟೆಯಲ್ಲಿ ಇದ್ದ ಪದಾರ್ಥವಲ್ಲ. 1940ರ ದಶಕದಿಂದ ತಿರುವಿತಾಂಕೂರಿನ ಕಡೆಯಿಂದ ಬೆಟ್ಟ ಹತ್ತಿ ಬಂದ ಕ್ರೈಸ್ತ ರೈತರು ಮಲೇರಿಯಾ, ಆನೆ, ಹಸಿವು ಮೂರನ್ನೂ ಎದುರಿಸಿದ್ದು ಕಪ್ಪ ತಿಂದೇ. ಬೇಯಿಸಿದ ಕಪ್ಪಕ್ಕೆ ಒಣಮೀನಿನ ಚಟ್ನಿ ನೆಂಚಿಕೊಳ್ಳುವಾಗ ಇಂದಿಗೂ ಆ ಮನೆಗಳ ಅಜ್ಜಂದಿರ ಮುಖ ಗಂಭೀರವಾಗುತ್ತದೆ.

ಶುಕ್ರವಾರ ಜುಮ್ಮಾ ಹೊತ್ತಿಗೆ ಅರ್ಧ ಪೇಟೆಯ ಷಟರ್ ಇಳಿಯುತ್ತದೆ. ಆ ಮುಕ್ಕಾಲು ಗಂಟೆ ಪಕ್ಕದಂಗಡಿಯ ಗಿರಾಕಿಗಳನ್ನು ನಾವು ನೋಡಿಕೊಳ್ಳುವುದು, ಭಾನುವಾರ ನಮ್ಮ ಎದುರಿನ ಬೇಕರಿಯವರು ಚರ್ಚಿನ ಪೂಜೆಗೆ ಹೋದಾಗ ಪಕ್ಕದವರು ನೋಡಿಕೊಳ್ಳುವುದು ಯಾರೂ ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ. ಶನಿವಾರ ಕೂಲಿಯ ದಿನ. ಮಧ್ಯಾಹ್ನ ಮೂರಕ್ಕೆ ಲಾಟರಿಯ ಫಲಿತಾಂಶ. ಇಲ್ಲಿ ಕ್ಯಾಲೆಂಡರ್ ನೋಡದವರಿಗೂ ವಾರ ತಿಳಿಯುವುದು ಲಾಟರಿಯಿಂದ. ಕಾರುಣ್ಯ ಎಂದು ಕೂಗಿದರೆ ಶನಿವಾರ. ಸಂಜೆ ಆರರಿಂದ ಎಂಟರವರೆಗೆ ಉದ್ರಿ ಪುಸ್ತಕ ಮುಚ್ಚುವುದಕ್ಕೇ ಆಗುತ್ತಿರಲಿಲ್ಲ. ಒಬ್ಬೊಬ್ಬರೂ ಬಂದು ಕೈಯಲ್ಲಿದ್ದಷ್ಟು ಕೊಟ್ಟರೆ ಅಪ್ಪ ಆ ಸಾಲಿನ ಮೇಲೆ ಅಡ್ಡ ಗೆರೆ ಎಳೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಪಳ್ಳಿಯಿಂದ ಬರುವವರ ಕೈಯಲ್ಲಿ ಮಾಂಸದ ಪೊಟ್ಟಣ, ಮಧ್ಯಾಹ್ನ ಮೀನಿನ ಆಟೋ, ಮೂರು ಗಂಟೆಗೆ ಯಾರದೋ ಮನೆಯ ಜಗುಲಿಯಲ್ಲಿ ಕುಡುಂಬಶ್ರೀ ಹೆಂಗಸರ ಅಯಲ್ಕೂಟ. ಹತ್ತು ಇಪ್ಪತ್ತು ರೂಪಾಯಿಯ ಉಳಿತಾಯವನ್ನು ಅವರು ಬರೆದಿಡುವ ಅಚ್ಚುಕಟ್ಟು ಕಂಡು ಅಪ್ಪ, "ನನ್ನ ಪುಸ್ತಕ ಇವರ ಕೈಗೆ ಕೊಟ್ಟಿದ್ರೆ ನಾನು ಸಾಹುಕಾರ ಆಗ್ತಿದ್ದೆ" ಅನ್ನುತ್ತಿದ್ದರು.

ವಾರ ಹೀಗೆ ಸುತ್ತುತ್ತದೆ. ಆದರೆ ಪುಸ್ತಕಗಳ ದಪ್ಪ ಹೇಳುವುದು ಬೇರೆ ಕತೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ, ಮೆಣಸು ಕೊಯ್ದು ಮಲಂಚರಕ್ಕು, ಅಂದರೆ ಮಲೆಯ ಸರಕಿನ ಅಂಗಡಿಗೆ ಹಾಕುತ್ತಿದ್ದಂತೆ ಪುಟತುಂಬ ಗೆರೆಗಳು. ಕರ್ಕಾಟಕ ಮಾಸದ ಮಳೆಯಲ್ಲಿ ಗೆರೆಯೇ ಇಲ್ಲದ ಪುಟಗಳು. 1990ರ ದಶಕದ ಕೊನೆಯಿಂದ ಮೆಣಸಿನ ಬಳ್ಳಿಗೆ ದ್ರುತವಾಟ ಎಂಬ ಸೊರಗು ರೋಗ ಬಿತ್ತು. ಸೋಮವಾರ ಹಸಿರಾಗಿದ್ದ ಬಳ್ಳಿ ಮರುವಾರ ಮರದಿಂದ ಜಾರಿ ಬುಡದಲ್ಲಿ ಕರಿ ಹಗ್ಗದಂತೆ ಸುತ್ತಿಕೊಂಡಿರುತ್ತಿತ್ತು. ಅದರ ಮೇಲೆ ಕಾಫಿ, ಮೆಣಸಿನ ಬೆಲೆಯೂ ಕುಸಿಯಿತು. ಆ ವರ್ಷಗಳಲ್ಲಿ ವಯನಾಡಿನ ರೈತರ ಆತ್ಮಹತ್ಯೆಯ ಸುದ್ದಿ ಡೆಲ್ಲಿಯ ಪೇಪರಿನವರೆಗೂ ಹೋಯಿತು. ನಮ್ಮಲ್ಲಿ ಅದು ಎಂಟನೆಯ ಮತ್ತು ಒಂಬತ್ತನೆಯ ಪುಸ್ತಕ. ಅವುಗಳಲ್ಲಿ ಮೂರು ಹೆಸರುಗಳ ಮುಂದೆ ಗೆರೆ ಬಿದ್ದೇ ಇಲ್ಲ. ಅಪ್ಪ ಆ ಮನೆಗಳಿಗೆ ಹೋಗಿ ಕೇಳಲಿಲ್ಲ, ಹೊಡೆದು ಹಾಕಲೂ ಇಲ್ಲ. ಒಂದು ಹೆಸರಿನ ಮುಂದೆ ಕೊನೆಯ ಬರಹ: 'ನುಗ್ಗೆ 3, ಹಸಿಮೆಣಸು 50 ಗ್ರಾಂ.'

ಕುಂಬಳೆಯ ರಾಜಕುಮಾರ

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಪುಲ್ಪಳ್ಳಿ ಬಳಿ ವೇಲಿಯಂಬಂ ಎಂಬ ಜಾಗವಿದೆ. ಬಸ್ಸಿನಲ್ಲಿ ಹೋಗುವವರಿಗೆ ಅದೊಂದು ನಿಲ್ದಾಣ. ಐತಿಹ್ಯದಲ್ಲಿ ಅದು ವಯನಾಡನ್ನು ಆಳಿದ ಬೇಡರಸ ಅರಿಪ್ಪನ ಕೋಟೆ.

ಕತೆ ಹೀಗಿದೆ. ಕುಂಬಳೆಯ ರಾಜಕುಮಾರನೊಬ್ಬ ತಿರುನೆಲ್ಲಿಗೆ ಯಾತ್ರೆ ಹೊರಟ. ದಾರಿಯಲ್ಲಿ ಬೇಡರು ಹಿಡಿದು ವೇಲಿಯಂಬಂ ಕೋಟೆಗೆ ತಂದರು. ಅರಸ ತನ್ನ ಮಗಳನ್ನು ಮದುವೆಯಾಗು ಎಂದ. ಒಲ್ಲೆ ಎಂದರೆ ತಲೆ ಉಳಿಯುವುದಿಲ್ಲ, ಹೂಂ ಎಂದರೆ ಕುಲ ಉಳಿಯುವುದಿಲ್ಲ. ರಾಜಕುಮಾರ ಉಪಾಯ ಹೂಡಿದ: ಮದುವೆ ನಮ್ಮ ಕ್ಷತ್ರಿಯ ಪದ್ಧತಿಯಂತೆಯೇ ಆಗಬೇಕು, ಅದಕ್ಕೆ ಸಮಯ ಬೇಕು. ಆ ಸಮಯದಲ್ಲಿ ಕೋಟ್ಟಯಂ ಮತ್ತು ಕುರುಂಬ್ರನಾಡಿನ ಅರಸರಿಗೆ ಸುದ್ದಿ ಮುಟ್ಟಿತು. ಈ ಕೋಟ್ಟಯಂ ತಲಶ್ಶೇರಿ ಕಡೆಯದು, ತೆಂಕಣದ್ದಲ್ಲ. ಅವರ ಪಡೆ ಬೆಟ್ಟ ಹತ್ತಿತು, ಬೇಡರ ಆಳ್ವಿಕೆ ಮುಗಿಯಿತು, ವಯನಾಡು ಕೋಟ್ಟಯಂ ಮನೆತನಕ್ಕೆ ಸೇರಿತು. ಮುಂದೆ ಬ್ರಿಟಿಷರ ವಿರುದ್ಧ ಇದೇ ಕಾಡುಗಳಲ್ಲಿ ಹೋರಾಡಿ 1805ರ ನವೆಂಬರ್ 30ರಂದು ಪುಲ್ಪಳ್ಳಿ ಸಮೀಪ ಮಡಿದ ಪಳಶ್ಶಿರಾಜ ಅದೇ ಮನೆತನದವನು. ಸಿ. ಗೋಪಾಲನ್ ನಾಯರ್ ಎಂಬ ಮಲಬಾರಿನ ಡೆಪ್ಯುಟಿ ಕಲೆಕ್ಟರು ವಯನಾಡಿನ ಜನ ಮತ್ತು ಐತಿಹ್ಯಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1911ರಲ್ಲಿ ಅಚ್ಚಾಯಿತು. ಈ ಕತೆಗೆ ಕಾಗದದ ಮರ್ಯಾದೆ ಸಿಕ್ಕಿದ್ದು ಮುಖ್ಯವಾಗಿ ಅದರಿಂದ.

ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ, ಮಾಯಿಪ್ಪಾಡಿ ಅರಮನೆಯ ಕುಂಬಳೆ! ಕನ್ನಡಿಗನೊಬ್ಬ ವಯನಾಡಿನ ಚರಿತ್ರೆಯನ್ನೇ ತಿರುಗಿಸಿದ ಎಂದು ಮೊದಲ ಸಲ ಓದಿದಾಗ ನಾನು ಅಂಗಡಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡೆ. ಆಗ ಅಲ್ಲಿ ಹಸಿಶುಂಠಿ ಆರಿಸುತ್ತಿದ್ದವರು ಒಬ್ಬ ಮುಳ್ಳು ಕುರುಮ ಅಜ್ಜ. ಆ ಬೇಡರಸರು ತಮ್ಮ ಪೂರ್ವಿಕರು ಎಂದು ನಂಬುವ ಸಮುದಾಯ ಅವರದು. ಶುಂಠಿ ಕೆಳಗಿಟ್ಟು ಅವರು ಕೇಳಿದರು:

"ಯಾತ್ರೆಗೆ ಬಂದವನಿಗೆ ಮಗಳನ್ನ ಕೊಡ್ತೀನಿ ಅಂದ. ಪದ್ಧತಿ ಪ್ರಕಾರ ಆಗಲಿ ಅಂದಾಗ ಅದಕ್ಕೂ ಒಪ್ಪಿದ. ಮದುವೆಗೆ ಅಂತ ಕಾಯ್ತಾ ಕೂತವನ ಮೇಲೆ ದಂಡು ತಂದರು. ಇದರಲ್ಲಿ ಮಾತಿಗೆ ತಪ್ಪಿದವರು ಯಾರು ಮೋನೇ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿಯ ಹೆಸರನ್ನೂ ಅವರು ಕೇಳಿದರು. ನಾನು ಓದಿದ ಕತೆಯಲ್ಲಿ ಅವಳು ಬರೀ ಮಗಳು. ಅಂದಿನಿಂದ ನಾನು ಈ ಕತೆಯನ್ನು ಕುಂಬಳೆಯ ಕಡೆಯಿಂದ ಹೇಳುವುದು ಬಿಟ್ಟಿದ್ದೇನೆ.

ಎರಡು ಗುಡಿ, ಒಂದು ತಕರಾರು

ನಡವಯಲ್ ದಾಟಿ ಪನಮರಂ ಕಡೆ ಹೋದರೆ ಪುಂಜವಯಲಿನ ಸುತ್ತ ಎರಡು ಕಲ್ಲಿನ ದೇಗುಲಗಳಿವೆ. ಒಂದರ ಹೆಸರು ಜನಾರ್ದನ ಗುಡಿ, ಇನ್ನೊಂದು ವಿಷ್ಣು ಗುಡಿ. ನಾನು ಮೊದಲು ನೋಡಿದಾಗ ಸುತ್ತ ಕಾಫಿ ಗಿಡ, ಚಾವಣಿಯ ಚಪ್ಪಡಿಗಳ ಸಂದಿಯಲ್ಲಿ ಬೇರು, ವಾಲಿದ ಕಂಬಗಳ ಮೇಲೆ ಹಾವಸೆ. ಒಂದು ಕಂಬದ ಹಾವಸೆಯನ್ನು ಅಂಗೈಯಿಂದ ಒರೆಸಿದಾಗ ಕುಣಿಯುವ ಕಾಲೊಂದು ಹೊರಬಂದದ್ದು ನೆನಪಿದೆ. ಮೇಲಿನ ಮೈ ನೋಡಲು ಎತ್ತರ ಸಾಲಲಿಲ್ಲ. 2015ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಎರಡನ್ನೂ ರಾಷ್ಟ್ರೀಯ ಮಹತ್ವದ ಸ್ಮಾರಕಗಳೆಂದು ಘೋಷಿಸಿತು.

ತಕರಾರು ಇರುವುದು ಇವು ಯಾರವು ಎಂಬುದರಲ್ಲಿ. ಪೇಪರುಗಳು ಜೈನ ದೇಗುಲ ಎಂದೇ ಬರೆಯುತ್ತವೆ. ಮೈಸೂರು ಸೀಮೆಯಿಂದ ಘಟ್ಟದ ದಾರಿಗಳಲ್ಲಿ ವ್ಯಾಪಾರ ಮಾಡುತ್ತ ಬಂದ ಜೈನರು ಕಟ್ಟಿಸಿದರು, ಹೊಯ್ಸಳರ ಕಾಲದ್ದು ಎಂದು ಕೆಲವರು, ಇಲ್ಲ, ಕಟ್ಟಡದ ರೀತಿ ವಿಜಯನಗರದ್ದು ಎಂದು ಕೆಲವರು. ಹೆಸರೇ ಜನಾರ್ದನ, ವಿಷ್ಣು ಎಂದಿರುವಾಗ ಜಿನಾಲಯ ಹೇಗಾಯಿತು ಎಂದು ಮತ್ತೆ ಕೆಲವರು. ಜೈನರು ಕಟ್ಟಿ ಬಿಟ್ಟು ಹೋದದ್ದಕ್ಕೆ ಆಮೇಲಿನವರು ಹೆಸರಿಟ್ಟರು ಎಂಬ ರಾಜಿಯ ವಾದವೂ ಉಂಟು. ಚಾಯಕಡೆಯಲ್ಲಿ ಈ ಚರ್ಚೆ ಎದ್ದರೆ ಎರಡು ಬಸ್ಸು ತಪ್ಪುವುದು ಖಂಡಿತ.

ನನ್ನ ಕಣ್ಣು ಬಿದ್ದಿರುವುದು ಕಲ್ಲಿನ ಮೇಲಲ್ಲ, ಹೆಸರಿನ ಬಾಲದ ಮೇಲೆ. ಮಲಯಾಳದವರು ದೇವಾಲಯಕ್ಕೆ ಅಂಬಲ ಅನ್ನುತ್ತಾರೆ, ಕ್ಷೇತ್ರ ಅನ್ನುತ್ತಾರೆ, ಕಾವು ಅನ್ನುತ್ತಾರೆ. ಗುಡಿ ಅನ್ನುವುದು ನಾವು. ಸುತ್ತ ಮಲಯಾಳ ಮಾತಾಡುವ ಊರಿನಲ್ಲಿ ಈ ಎರಡು ಮಾತ್ರ ಗುಡಿಗಳಾಗಿ ಉಳಿದದ್ದು ಸುಮ್ಮನೆಯೇ? ಬತ್ತೇರಿಯ ಹಳೆಯ ಹೆಸರು ಹನ್ನೆರಡು ಬೀದಿ. ಅಲ್ಲಿಯ ಜೈನ ಬಸದಿಯಲ್ಲಿ ಟಿಪ್ಪುವಿನ ಮದ್ದುಗುಂಡು ಇಟ್ಟ ಮೇಲೆ ಅದು ಸುಲ್ತಾನನ ಬ್ಯಾಟರಿಯಾಯಿತು. ವರದೂರಿನಲ್ಲಿ, ಕಲ್ಪೆಟ್ಟದ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿಯ ಬಸದಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಆ ಜೈನ ಮನೆತನಗಳ ಹಿರಿಯರು ಗೌಡರು. ಕಟ್ಟಿಸಿದವರ ಮತ ಯಾವುದೇ ಇರಲಿ, ಕಲ್ಲುಕುಟಿಗ ಊಟಕ್ಕೆ ಕೂತಾಗ ಅನ್ನವನ್ನು ಯಾವ ಭಾಷೆಯಲ್ಲಿ ಕೇಳಿದ ಎಂಬುದು ನನಗೆ ಆ 'ಗುಡಿ'ಯಲ್ಲೇ ಕೇಳಿಸುತ್ತದೆ. ಪಂಡಿತರು ಇದನ್ನು ಪುರಾವೆ ಎಂದು ಒಪ್ಪುವುದಿಲ್ಲ. ಅಪ್ಪನ ಪುಸ್ತಕದಲ್ಲಿ ಸುವರ್ಣಗೆಡ್ಡೆ ಚೇನವಾದದ್ದನ್ನು ಕಂಡವನಿಗೆ, ಹೆಸರೊಂದು ಬದಲಾಗದೆ ಉಳಿಯುವುದು ಎಷ್ಟು ಕಷ್ಟ ಎಂದು ಗೊತ್ತಿದೆ, ಅಷ್ಟೇ.

ಹುಲಿಯ ವಾರ

2024ರ ಜೂನ್‌ನಲ್ಲಿ ನಮ್ಮ ವಾರ ತಪ್ಪಿತು. ಹುಲಿಯೊಂದು ಒಂದಾದ ಮೇಲೊಂದು ಹಸುಗಳನ್ನು ಕೊಂದಿತು. ಅದಕ್ಕೆ ಆರು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ವಾಕೇರಿಯ ಕೂಡಲ್ಲೂರಿನಲ್ಲಿ ಹುಲ್ಲು ಕೊಯ್ಯಲು ಹೋದ ಯುವಕನನ್ನು ಬೇರೊಂದು ಹುಲಿ ಕೊಂದಿತ್ತು. ಆ ನೋವು ಆರಿರಲಿಲ್ಲ. ಬೆಳಗಿನ ಕ್ಯಾನಿನ ಸದ್ದು ತಡವಾಯಿತು. ಹಾಲು ತರುವವರು ಒಬ್ಬೊಬ್ಬರೇ ಬರದೆ ಗುಂಪಾಗಿ, ಟಾರ್ಚು ಹಿಡಿದು, ಜೋರಾಗಿ ಮಾತಾಡುತ್ತ ಬಂದರು. ಸಂಜೆ ಆರಕ್ಕೇ ಪೇಟೆ ಖಾಲಿ. ರಸ್ತೆ ತಡೆದು ಧಿಕ್ಕಾರ ಕೂಗಿದವರಲ್ಲಿ ಎಲ್ಲ ಪಕ್ಷದವರೂ ಇದ್ದರು. ಇಲ್ಲಿ ಅದೇ ಒಂದು ಸುದ್ದಿ.

ಜೂನ್ 23ರ ಭಾನುವಾರ ರಾತ್ರಿ ಕೊಟ್ಟಿಗೆಯ ಹತ್ತಿರ ಇಟ್ಟಿದ್ದ ಬೋನಿಗೆ ಅದು ಬಿತ್ತು. ಅರಣ್ಯದವರ ಪಟ್ಟಿಯಲ್ಲಿ ಅದರ ಹೆಸರು ತೋಲ್ಪೆಟ್ಟಿ 17, ಹತ್ತು ವರ್ಷದ ಗಂಡು. ಮುದಿ ಪ್ರಾಯ. ಕಾಡಿನಲ್ಲಿ ಬೇಟೆ ಆಗದೆ ಕಟ್ಟಿದ ಹಸುವಿಗೆ ಬಂದದ್ದು. ಮರುದಿನ ಹಾಲಿನ ಸಾಲಿನಲ್ಲಿ ಹಸು ಕಳೆದುಕೊಂಡ ಚೇಚ್ಚಿಯೊಬ್ಬರು ಹೇಳಿದ ಮಾತು: "ಅದಕ್ಕೂ ವಯಸ್ಸಾಯ್ತು, ನನಗೂ ವಯಸ್ಸಾಯ್ತು. ಅದಕ್ಕೆ ಮೃಗಾಲಯ ಇದೆ." ಯಾರೂ ನಗಲಿಲ್ಲ.

ಒಂದು ತಿಂಗಳು ಕಳೆದು ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿ ಕಡೆ ಮುಂಡಕ್ಕೈ, ಚೂರಲ್ಮಲೆ ಮಣ್ಣಿನಡಿಗೆ ಹೋದವು. ಆ ವಾರ ಪೇಟೆಯಲ್ಲಿ ಯಾರೂ ಹುಲಿಯ ಮಾತೆತ್ತಲಿಲ್ಲ. ಗುರುವಾರದ ಲಾರಿ ನಮ್ಮ ಅಂಗಡಿ ಮುಂದೆ ಇಳಿಸಲೇ ಇಲ್ಲ, ನೇರವಾಗಿ ಆ ಕಡೆಗೆ ಹೋಯಿತು.

ನಮ್ಮ ಗೊಣಗಾಟ

ಗೊಣಗಾಟವಿಲ್ಲದ ಊರ ಚರಿತ್ರೆ ಉಪ್ಪಿಲ್ಲದ ಗಂಜಿ. ನಮ್ಮದು ಎರಡು. ಒಂದು, ಬೀನಾಚಿ–ಪನಮರಂ ರಸ್ತೆ. ಅದನ್ನು ಅಗಲ ಮಾಡುತ್ತೇವೆ ಎಂದು ಅಗೆದವರು ವರ್ಷಗಟ್ಟಲೆ ಹಾಗೇ ಬಿಟ್ಟರು. ಬೇಸಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರುಗದ್ದೆ. ನಮ್ಮ ಟೊಮೆಟೊ ಬತ್ತೇರಿಯಲ್ಲಿ ಟೊಮೆಟೊ ಆಗಿದ್ದು ಇಲ್ಲಿಗೆ ಬರುವಷ್ಟರಲ್ಲಿ ಗೊಜ್ಜಾಗುತ್ತಿತ್ತು. ಎರಡು, ಬಂಡೀಪುರದ ರಾತ್ರಿ ಸಂಚಾರ ನಿಷೇಧ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಹೆದ್ದಾರಿ ಮುಚ್ಚುತ್ತದೆ. ಇಲ್ಲಿಯವರು ಇದನ್ನು ಕರ್ನಾಟಕದ ಹಟ ಅನ್ನುತ್ತಾರೆ. ನನ್ನನ್ನು ನೋಡಿಕೊಂಡೇ ಅನ್ನುತ್ತಾರೆ. ಆದರೆ ರಾತ್ರಿ ಲಾರಿಗೆ ಸಿಕ್ಕಿ ಬಿದ್ದ ಜಿಂಕೆಗಳನ್ನು ಅಪ್ಪ ತಮ್ಮ ಪ್ರಯಾಣಗಳಲ್ಲಿ ಕಂಡಿದ್ದರು. ನಿಷೇಧ ಬಂದ ದಿನ ವ್ಯಾಪಾರಕ್ಕೆ ನಷ್ಟ ಎಂದು ಬೈದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಕ್ಕೂ ನಿದ್ದೆ ಬೇಕಲ್ಲ" ಅಂದರು. ಅಂಗಡಿಯವನಾಗಿ ನನಗೆ ಮೊದಲ ಮಾತು ಸರಿ, ಹುಲಿಯ ವಾರ ಕಂಡವನಾಗಿ ಎರಡನೆಯದು.

ಗೆರೆ

ಹದಿನೇಳನೆಯ ಪುಸ್ತಕದ ನಡುವೆ ಅಪ್ಪನ ಅಕ್ಷರ ನಿಲ್ಲುತ್ತದೆ. ಆಮೇಲಿನದು ನನ್ನದು, ಮೂವತ್ತು ಪುಟ ಮಾತ್ರ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಹತ್ತು ರೂಪಾಯಿ ಕರಿಬೇವಿಗೂ ಡಬ್ಬಿ ಕೂಗುತ್ತದೆ: ಹಣ ಬಂದಿದೆ. ಉದ್ರಿ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ಕೇಣಿಚಿರದಲ್ಲಿ ಈ ವಾರ ಯಾರು ಏನು ಉಂಡರು ಎಂದು ಯಾರಾದರೂ ಕೇಳಿದರೆ ಆ ಡಬ್ಬಿ ಹೇಳುವುದಿಲ್ಲ.

ಗೋಣಿಚೀಲ ಬಿಚ್ಚಿ ಓದುತ್ತ ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಸಾಲ ತೀರಿದ ಸಾಲುಗಳನ್ನು ಅಪ್ಪ ಒತ್ತಿ ಒತ್ತಿ ಹೊಡೆದಿದ್ದಾರೆ, ಏನಿತ್ತೆಂದು ತಿಳಿಯುವುದಿಲ್ಲ. ಸ್ಪಷ್ಟವಾಗಿ ಓದಲು ಸಿಗುವುದು ತೀರದೆ ಉಳಿದವು ಮಾತ್ರ.

ಉದ್ರಿ ಬರೆಸುವವರು ಈಗ ಒಬ್ಬರೇ. ಕಾಟ್ಟುನಾಯ್ಕ ಅಜ್ಜಿ. ನಮ್ಮ ಕಡೆಯ ಜೇನುಕುರುಬರ ಒಡಹುಟ್ಟಿದವರು ಇವರು, ಮಾತೂ ಕನ್ನಡದ ನೆರಳಿನದು. ಶನಿವಾರ ಸಂಜೆ ಬರುತ್ತಾರೆ. ಅಪ್ಪನಿದ್ದಾಗ ಇಬ್ಬರೂ ತಮ್ಮ ತಮ್ಮ ಕನ್ನಡದಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದರು, ಪೇಟೆಗೆ ಅರ್ಥವಾಗದ ಹಾಗೆ. ಕಳೆದ ಶನಿವಾರ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಕೊಟ್ಟರು. ಲೆಕ್ಕಕ್ಕೆ ನಾಲ್ಕು ರೂಪಾಯಿ ಕಡಿಮೆ. ಇರಲಿ ಬಿಡಿ ಎಂದೆ. ಬೇಡ, ಬರೆದುಕೋ ಎಂದು ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದರು.

ಕಪ್ಪ, ಸಣ್ಣ ಈರುಳ್ಳಿ, ಹಸಿಮೆಣಸು ಬರೆದಿದ್ದ ಸಾಲು ಹೊಡೆದು ಕೆಳಗೆ ಹೊಸದಾಗಿ ಬರೆದೆ: 'ಅಜ್ಜಿ, ಬಾಕಿ 4.'